ಯಾರ ಹಿಡಿ?

ಸಕ್ಕರೆ ಬಿಟ್ಟು ಎಂಟು ತಿಂಗಳಾಯಿತು ಮಗಳೇ,
ಎಂದರು ಶಕರ್‌ಮಮದ್.
ಹೆಸರಲ್ಲಿರುವುದನ್ನು ಬಿಡಲಾಗಲಿಲ್ಲ, ಅಷ್ಟೇ,
ಎಂದು ತಾವೇ ನಕ್ಕರು.

ಬೆರಳು ಚುಚ್ಚಿದೆ.
ಯಂತ್ರ ಐದರವರೆಗೆ ಎಣಿಸಿ ಹದಿನಾಲ್ಕು ಎಂದಿತು.
ಡಬ್ಬಿಯಲ್ಲಿ ಇನ್ನು ಉಳಿದ ಪಟ್ಟಿ ಒಂಬತ್ತು.
ಖೊರೊಗ್‌ನಿಂದ ಮುಂದಿನ ಗಾಡಿ
ತಿಂಗಳ ಕೊನೆಗೆ, ಗುಡ್ಡ ಜರಿಯದಿದ್ದರೆ.

ಮತ್ತೆ ಚುಚ್ಚಿ ಪಟ್ಟಿ ದಂಡ ಮಾಡಲಿಲ್ಲ.
ಅವರ ಅಂಗಿಯ ಜೇಬು ನೋಡಿದೆ:
ಹೊಲಿಗೆಯ ಅಂಚಿಗೆ ಅಂಟಿದ ಕಂದು ಪುಡಿ,
ಒಂದು ಇರುವೆ
ತನ್ನ ಪಾಡಿಗೆ ಒಳಗೆ ಹೋಗುತ್ತಿತ್ತು.

ಅದು ಹಿಪ್ಪುನೇರಳೆ, ಎಂದರು,
ಮರ ಕೊಟ್ಟದ್ದು. ಕಾರ್ಖಾನೆಯದಲ್ಲ.
ಜೇಬನ್ನೇ ಮೇಜಿನ ಮೇಲೆ ಮಗುಚಿದರು.

ಅದರ ಎಲೆಯನ್ನು ಹುಳುವಿಗೆ ಹಾಕಿ
ರೇಷ್ಮೆ ತೆಗೆಯುವ ಊರುಗಳಿವೆಯಂತೆ ಕೆಳಗೆ.
ಪಾಮಿರಿನ ಈ ಕಣಿವೆಯಲ್ಲಿ ಹುಳುವಿನ ಸರದಿ ಬಂದೇ ಇಲ್ಲ.
ಒಂದೇ ಮರವನ್ನು ಕೊಂಬೆ ಕೊಂಬೆಯಾಗಿ
ಹಂಚಿಕೊಂಡ ಅಣ್ಣತಮ್ಮಂದಿರಿದ್ದಾರೆ.
ಜುಲೈಯಲ್ಲಿ ಕಂಬಳಿ ಹಾಸಿ ಕುಲುಕುತ್ತೇವೆ,
ಬಿಳಿ ಹಣ್ಣು ದಪದಪ ಉದುರುವಾಗ
ನೆತ್ತಿ, ಕೊರಳು, ಕಂಕುಳೆಲ್ಲ ಅಂಟು.
ಮಾಡಿನ ಮೇಲೆ ಒಣಗಿ ಗೋಣಿಗಿಳಿಯುತ್ತದೆ,
ಕಲ್ಲಿನಡಿ ಹಿಟ್ಟಾಗುತ್ತದೆ,
ಉಪ್ಪು ಹಾಕಿದ ಹಾಲುಚಹಾದ ಪಕ್ಕ ಬಂದು ಕೂರುತ್ತದೆ
ಮನೆಯವರಲ್ಲೊಬ್ಬರ ಹಾಗೆ.

ತರಬೇತಿಯಲ್ಲಿ ಕಲಿಸಿದ್ದು ಸರಳವಾಗಿತ್ತು:
ಹಸಿ ಹಣ್ಣಿನಲ್ಲಿ ನೀರಿದೆ, ನಾರಿದೆ,
ಹಲ್ಲಿಗೆ ಕೆಲಸವಿದೆ, ಹೊಟ್ಟೆ ಬೇಗ ಸಾಕೆನ್ನುತ್ತದೆ.
ಒಣಗಿದರೆ ನೀರು ಎದ್ದುಹೋಗಿ
ಸಿಹಿ ಒತ್ತೊತ್ತಾಗಿ ಕೂರುತ್ತದೆ.
ಬೀಸಿದರೆ ಹಲ್ಲಿಗೂ ರಜೆ.
ಯಾವುದು ಮರದ್ದು ಯಾವುದು ಚೀಲದ್ದು, ನಾಲಿಗೆಗೆ ಗೊತ್ತು.
ರಕ್ತಕ್ಕೆ ಅಷ್ಟು ನಾಜೂಕಿಲ್ಲ.

ಕಲಿಸದೇ ಇದ್ದದ್ದು ಬೇರೆ.

ತೊಂಬತ್ಮೂರರ ಚಳಿಗಾಲ. ಕೆಳಗೆ ಯುದ್ಧ.
ದಾರಿ ಕಟ್ಟಿತ್ತು, ಹಿಟ್ಟಿನ ಲಾರಿ ಬರಲಿಲ್ಲ.
ನನಗೆ ಏಳು ವರ್ಷ. ಅಮ್ಮ ಬರೀ ನೀರು ಕಾಯಿಸಿ
ಅದಕ್ಕೆ ಚಹಾ ಎಂದು ಹೆಸರಿಟ್ಟಿದ್ದಳು.
ಒಂದು ಬೆಳಗ್ಗೆ ಬಾಗಿಲು ತಳ್ಳಿದರೆ ತೆರೆಯಲೊಲ್ಲದು.
ಹಿಮ ಎಂದುಕೊಂಡೆವು.
ಗೋಣಿ.
ಯಾರಿಟ್ಟರೆಂದು ಕೇಳುವ ಹಾಗೇ ಇರಲಿಲ್ಲ,
ಅದರ ಬಾಯಿಗೆ ಬಿದ್ದ ಗಂಟು ಎಡಗೈಯವರದು.
ಊರಿಗೆ ಒಬ್ಬರೇ ಎಡಗೈಯವರು.

ಮಾರ್ಚಿನವರೆಗೆ ಅದನ್ನೇ ತಿಂದೆವು,
ಬೆಳಗ್ಗೆ ಹಿಡಿ, ರಾತ್ರಿ ಹಿಡಿ.
ಆ ವರ್ಷ ನಾನು ಬೆಳೆದದ್ದು ಒಂದಂಗುಲವೋ ಎರಡೋ,
ಅಷ್ಟು ಎತ್ತರ ಅವರ ಮರದ್ದು.

ಈಗ ಅದೇ ಎಡಗೈ ನನ್ನ ಮೇಜಿನ ಮೇಲೆ,
ಬೆರಳ ತುದಿಯಲ್ಲಿ ಹತ್ತಿ.

ಬಿಟ್ಟುಬಿಡಿ ಎನ್ನಲಿಲ್ಲ.
ಮಾತ್ರೆ ತಪ್ಪಿಸಬೇಡಿ, ಎಂದೆ. ಹಿಟ್ಟು ಬೇಡ.
ಹಣ್ಣಿನ ಕಾಲದಲ್ಲಿ ಮರದಡಿ ನಿಂತು
ಹಸಿಯದು ಒಂದು ಸಣ್ಣ ಬಟ್ಟಲು.
ಒಣಗಿದ್ದು ದಿನಕ್ಕೊಂದು ಹಿಡಿ, ಜೊತೆಗೆ ನಾಲ್ಕು ಅಕ್ರೋಟು,
ಉಂಡ ಮೇಲೆ ಸೇತುವೆಯವರೆಗೆ ನಡಿಗೆ.

ಯಾರ ಹಿಡಿ? ಎಂದರು.

ಅವರದು ಗುದ್ದಲಿ ಹಿಡಿದ ಕೈ,
ಮುಚ್ಚಿದರೆ ಆಲೂಗಡ್ಡೆ ಮಾಯ.
ನನ್ನದು, ಎಂದು ಚಾಚಿದೆ.
ಮೇಜಿನಿಂದ ಒಂದೊಂದೇ ಹೆಕ್ಕಿ ಇಟ್ಟರು,
ಬಾಯಲ್ಲಿ ಲೆಕ್ಕ.
ಹದಿನೆಂಟಕ್ಕೆ ನನ್ನ ಬೆರಳು ಮುಚ್ಚಿತು.

ಇಷ್ಟೇನಾ?
ಇಷ್ಟೇ.

ಪಂಜ್ ಹೊಳೆಯ ಸದ್ದು ಒಳಬರುವಷ್ಟು ಹೊತ್ತು
ಸುಮ್ಮನೆ ಕೂತರು.
ಆಮೇಲೆ ಹದಿನೆಂಟನ್ನು ಜೇಬಿಗೆ ಹಾಕಿಕೊಂಡು
ಮಿಕ್ಕದ್ದನ್ನೆಲ್ಲ ನನ್ನತ್ತ ದೂಡಿದರು:
ನೀನು ತಿನ್ನು, ಬೆಳೆಯುವ ಹುಡುಗಿ.

ನನಗೆ ಮೂವತ್ತೊಂಬತ್ತು.
ಸಂಜೆ ಬಾಗಿಲು ಹಾಕಿ, ಇರುವೆ ಕೊಡವಿ,
ನಿಂತೇ ತಿಂದೆ, ಎಣಿಸದೆ.
ಡಬ್ಬಿಯಲ್ಲಿ ಒಂಬತ್ತು ಪಟ್ಟಿ ಇತ್ತು.
ಮುಟ್ಟಲಿಲ್ಲ.